ಮರಣೋತ್ತರ ರಕ್ತದಲ್ಲಿ ಅಡ್ರಿನಲಿನ್: ವಂಶವಾಹಿಯ ಪಾಲೆಷ್ಟು?

ಪ್ರಶ್ನೆ: ತಳಿವಿಜ್ಞಾನ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಕಿರುಪ್ರಬಂಧಕ್ಕಾಗಿ, ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ರಕ್ತದಲ್ಲಿನ, ಸಂಕಟದ ಹೊತ್ತಿನಲ್ಲಿ ದೇಹ ಹೊರಬಿಡುವ ಹಾರ್ಮೋನುಗಳಾದ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಪ್ರಮಾಣಗಳ ಕುರಿತು ಬರೆಯಬೇಕೆಂದಿದ್ದೇನೆ. ಇವುಗಳನ್ನು ಒಡೆಯುವ ಕಾಮ್ಟ್ ಕಿಣ್ವದ ವಂಶವಾಹಿ 22ನೇ ವರ್ಣತಂತುವಿನಲ್ಲಿದೆ. ಕಿಣ್ವದ 158ನೇ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲ ಇದ್ದರೆ ಅದು ಚುರುಕು, ಮೆಥಿಯೊನಿನ್ ಇದ್ದರೆ ಮಂದ. ಹೀಗಿರುವಾಗ, ಒಂದೇ ಬಗೆಯಲ್ಲಿ ತೀರಿಕೊಂಡ ಇಬ್ಬರ ರಕ್ತದಲ್ಲಿ ಬೇರೆ ಬೇರೆ ಪ್ರಮಾಣ ಕಂಡಾಗ, ಹೆಚ್ಚು ಇದ್ದವರು ಹೆಚ್ಚು ಹೊತ್ತು ಸಂಕಟಪಟ್ಟರೆಂದು ಬರೆಯುವುದು ತಪ್ಪಾಗಬಹುದಲ್ಲವೇ?

ಉತ್ತರ 1: ವಿಧಿವಿಜ್ಞಾನ ವೈದ್ಯ, ಹುಬ್ಬಳ್ಳಿ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ವಂಶವಾಹಿಯ ಮಾತಿಗೆ ಮುನ್ನ ರಕ್ತವನ್ನು ಎಲ್ಲಿಂದ ತೆಗೆದರೆಂದು ಕೇಳಬೇಕು. ನಾವು ತೊಡೆಸಂದಿಯ ಅಭಿಧಮನಿಯನ್ನು ಮೇಲ್ಗಡೆ ದಾರದಿಂದ ಬಿಗಿದು, ಗಂಟಿನ ಕೆಳಗಿನಿಂದ ಸಿರಿಂಜಿಗೆ ರಕ್ತ ಎಳೆದುಕೊಳ್ಳುತ್ತೇವೆ. ಸಾವಿನ ನಂತರ ಸುತ್ತಲಿನ ಅಂಗಗಳಿಂದ ಹೃದಯದ ರಕ್ತಕ್ಕೆ ಹಲವು ವಸ್ತುಗಳು ಸೋರಿ ಸೇರುವುದರಿಂದ, ಈ ಎರಡು ಮಾದರಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಲಾಗದು.

ಇನ್ನೊಂದು ಮುಖ್ಯ ಸಂಗತಿಯೆಂದರೆ, ಹೃದಯ ನಿಂತವರಿಗೆ ಆಸ್ಪತ್ರೆಯಲ್ಲಿ ಪ್ರತಿ 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಚುಚ್ಚುತ್ತಾರೆ. ಮೊಣಕೈ ಮಡಿಕೆಯಲ್ಲಿ ಟೇಪು ಅಂಟಿಸಿದ ಹತ್ತಿಯ ತುಣುಕು ಕಂಡರೆ, ಮೊದಲು ಕೇಸ್ ಶೀಟ್ ತರಿಸಿಕೊಂಡು ನೋಡಿ. ಒತ್ತಡದ ಇನ್ನೊಂದು ಹಾರ್ಮೋನಾದ ಕಾರ್ಟಿಸೋಲ್ ಸಾವಿನ ನಂತರ ಅಡ್ರಿನಲಿನ್‌ಗಿಂತ ಸ್ಥಿರವಾಗಿ ಉಳಿಯುತ್ತದೆ. ಆದರೂ ಅದು ಬೆಳಗಿನ ಹೊತ್ತು ಏರಿ ನಡುರಾತ್ರಿಗೆ ಇಳಿಯುವಂಥದ್ದು, ಹಾಗಾಗಿ ಸಾವಿನ ಹೊತ್ತು ಗೊತ್ತಿಲ್ಲದೆ ಅದನ್ನೂ ಅರ್ಥೈಸಬಾರದು.

ಉತ್ತರ 2: ಜೀವರಸಾಯನಶಾಸ್ತ್ರ ಅಧ್ಯಾಪಕಿ, ಗದಗ

ಮಂದ ರೂಪದ ಕಿಣ್ವದ ಚಟುವಟಿಕೆ 3ರಿಂದ 4 ಪಟ್ಟು ಕಡಿಮೆಯೆಂದು ಓದಿದವರು, ರಕ್ತದಲ್ಲಿನ ಹಾರ್ಮೋನು ಅಷ್ಟೇ ಪಟ್ಟು ಹೆಚ್ಚಿರುತ್ತದೆಂದು ಭಾವಿಸುವುದುಂಟು. ಅದು ಹಾಗಲ್ಲ. ನರತುದಿಗಳು ತಾವು ಹೊರಬಿಟ್ಟ ನಾರ್‌ಅಡ್ರಿನಲಿನ್‌ನ ಬಹುಭಾಗವನ್ನು ತಾವೇ ಮರಳಿ ಹೀರಿಕೊಳ್ಳುತ್ತವೆ. ಕಾಮ್ಟ್‌ನ ಪಾಲಿಗೆ ಬರುವುದು ಉಳಿದದ್ದರಲ್ಲಿ ಒಂದಂಶ ಮಾತ್ರ. ತಂದೆಯಿಂದ ಒಂದು, ತಾಯಿಯಿಂದ ಇನ್ನೊಂದು ರೂಪ ಪಡೆದ ಮಧ್ಯಮ ಗುಂಪೂ ಇದೆಯೆಂಬುದನ್ನು ಮರೆಯಬೇಡಮ್ಮ.

ಕಾರ್ಟಿಸೋಲ್‌ನ ಕಥೆಯೇ ಬೇರೆ. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಪ್ರೋಟೀನನ್ನು 14ನೇ ವರ್ಣತಂತುವಿನ ಸರ್ಪಿನಾ6 ವಂಶವಾಹಿ ರೂಪಿಸುತ್ತದೆ. ಬದುಕಿರುವವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಆ ಭಾಗದ ರೂಪಭೇದಗಳು ವಿವರಿಸಿದ್ದು ಕಾರ್ಟಿಸೋಲ್ ಏರುಪೇರಿನ ಸುಮಾರು 1 ಶೇಕಡಾವನ್ನಷ್ಟೇ.

ಆದ್ದರಿಂದ ಒಂದು ಗುಂಪಿನೊಳಗಿನ ಅಂಕಿಗಳೇಕೆ ಚದುರಿವೆ ಎಂದು ತಿಳಿಯಲು ವಂಶವಾಹಿಯನ್ನು ಬಳಸು. ಒಬ್ಬ ವ್ಯಕ್ತಿ ಎಷ್ಟು ನರಳಿದರೆಂದು ಅದರಿಂದ ಬರೆಯಬೇಡ. ವರದಿಯ ಆ ಒಂದು ವಾಕ್ಯವನ್ನು ಮನೆಯವರು ಜೀವನವಿಡೀ ಎದೆಯಲ್ಲಿಟ್ಟುಕೊಂಡು ತಿರುಗುತ್ತಾರೆ.

ಪ್ರಶ್ನೆ ಕೇಳಿದವರು, ಧಾರವಾಡ

ಸರ್, ಮೇಡಂ, ಇಬ್ಬರಿಗೂ ವಂದನೆಗಳು. ನನ್ನ ಪಟ್ಟಿಯಲ್ಲಿ ವಂಶವಾಹಿಯ ರೂಪ ಮತ್ತು ಸಾವಿನ ಕಾರಣ ಮಾತ್ರ ಇದ್ದವು. ರಕ್ತ ತೆಗೆದ ಜಾಗ, ಸಾವಿನಿಂದ ಮಾದರಿಯವರೆಗಿನ ಗಂಟೆಗಳು, ಅಡ್ರಿನಲಿನ್ ಕೊಟ್ಟ ವಿವರ, ಈ ಮೂರು ಕಾಲಂಗಳನ್ನು ಇಂದೇ ಸೇರಿಸಿ, ಚುಚ್ಚುಮದ್ದು ಪಡೆದವರ ಮಾದರಿಗಳನ್ನು ಪ್ರತ್ಯೇಕವಾಗಿ ಇಡುತ್ತೇನೆ.