ಬಾಡಿಗೆಗೆ ಕೊಟ್ಟಿರೋ ಮನೆಗೆ ಇನ್ಶೂರೆನ್ಸ್ – ತುಮಕೂರಲ್ಲಿ ಮಾಡ್ಸಿರೋರು ಸ್ವಲ್ಪ ಹೇಳಿ

ಶೆಟ್ಟಿಹಳ್ಳಿ ಹತ್ರ ನಮ್ದೊಂದು ಬಿಲ್ಡಿಂಗ್ ಇದೆ, ಮೇಲೆ ಎರಡು ಫ್ಯಾಮಿಲಿ ಬಾಡಿಗೆಗಿದಾರೆ, ಕೆಳಗೆ ಟೈಲರ್ ಅಂಗಡಿ. ಲೋನ್ ತಗೊಂಡಾಗ ಬ್ಯಾಂಕಿನವ್ರೇ ಯಾವ್ದೋ ಇನ್ಶೂರೆನ್ಸ್ ಮಾಡ್ಸಿದ್ರು, ಅಷ್ಟು ಸಾಕಾ? ಬಾಡಿಗೆಯವ್ರ ಸಾಮಾನು ಹಾಳಾದ್ರೆ ಅದೂ ಇದ್ರಲ್ಲೇ ಬರುತ್ತಾ?

ಎಸ್ಐಟಿ ಕಾಲೇಜ್ ಕಡೆಯಿಂದ:
ಮೊದ್ಲು ಆ ಬ್ಯಾಂಕ್ ಪೇಪರ್ ತೆಗೆದು ಓದಿ. ಎಷ್ಟೋ ಜನರ ಹತ್ರ ಇರೋದು ಲೋನ್ ತಗೊಂಡವ್ರ ಜೀವಕ್ಕೆ ಮಾಡ್ಸಿರೋದು, ಅವ್ರಿಗೇನಾದ್ರೂ ಆದ್ರೆ ಸಾಲ ತೀರುತ್ತೆ ಅಷ್ಟೇ, ಗೋಡೆ ಬಿದ್ರೆ ಒಂದು ರೂಪಾಯಿ ಬರಲ್ಲ. ಮನೆಗೆ ಅಂತಲೇ ಬೇಕು ಅಂದ್ರೆ ಭಾರತ್ ಗೃಹ ರಕ್ಷಾ ಅಂತ ಪಾಲಿಸಿ ಇದೆ, 2021ರ ಏಪ್ರಿಲ್ 1ರಿಂದ ಬಂದಿದ್ದು, ಕಂಪನಿ ಯಾವ್ದಾದ್ರೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಾಟೆ, ಟ್ಯಾಂಕ್ ಪೈಪ್ ಒಡೆದು ನೀರು ನುಗ್ಗೋದು, ಎಲ್ಲಾ ಇದ್ರಲ್ಲೇ ಬರುತ್ತೆ. ನಮ್ಮಂಥ ಓನರ್‌ಗಳಿಗೆ ಮುಖ್ಯವಾದ್ದು ಅಂದ್ರೆ ಇಂಥ ಅನಾಹುತದಿಂದ ಮನೆ ವಾಸಕ್ಕೆ ಆಗ್ದೇ ಹೋದ್ರೆ ತಪ್ಪಿಹೋದ ಬಾಡಿಗೆಗೂ ಅದ್ರಲ್ಲಿ ಕವರ್ ಇದೆ. ಆದ್ರೆ ಬಾಡಿಗೆಯವ್ರು ದುಡ್ಡು ಕೊಡ್ದೇ ಹೋದ್ರು ಅಂತ ಕ್ಲೇಮ್ ಮಾಡಕ್ಕಾಗಲ್ಲ.

ಸೈಟಿನ ಬೆಲೆ ಸೇರಿಸ್ಬೇಡಿ, ಭೂಮಿ ಎಲ್ಲೂ ಹೋಗಲ್ವಲ್ಲ. ಮತ್ತೆ ಕಟ್ಟಕ್ಕೆ ಎಷ್ಟಾಗುತ್ತೋ ಅಷ್ಟಕ್ಕೆ ಮಾಡ್ಸಿ. ಉದಾಹರಣೆಗೆ ಕಾರ್ಪೆಟ್ ಏರಿಯಾ, ಅಂದ್ರೆ ಮನೆ ಒಳಗೆ ಬಳಸೋ ಜಾಗ, 1,200 ಚದರಡಿ, ಚದರಡಿಗೆ 2,000 ರೂಪಾಯಿ ಅಂತಿಟ್ಕೊಂಡ್ರೆ 24 ಲಕ್ಷ.

ಬಟವಾಡಿಯಿಂದ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಅಂಗಡಿ ವಿಷಯ ಬಿಟ್ರಲ್ಲ. ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ಅಂಗಡಿ ಭಾಗಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಇದೆ, ಅದನ್ನ ಕೇಳಿ. ಬಾಡಿಗೆಗೆ ಕೊಟ್ಟಿದೀವಿ, ಕೆಳಗೆ ಅಂಗಡಿ ಇದೆ ಅನ್ನೋದನ್ನ ಪ್ರಪೋಸಲ್ ಫಾರಂನಲ್ಲಿ (ಪಾಲಿಸಿಗೆ ಹಾಕೋ ಅರ್ಜಿ) ಬರೆಸ್ಲೇಬೇಕು, ಏಜೆಂಟ್‌ಗೆ ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ. ಇಲ್ಲಿ ಕಾಲೇಜ್ ಹುಡುಗ್ರಿಗೆ ಪಿಜಿ ಮಾಡಿರೋರೂ ಇದನ್ನ ದಯವಿಟ್ಟು ಗಮನಿಸಿ.

ಕ್ಯಾತ್ಸಂದ್ರದಿಂದ:
ನಮ್ಮನೇಲಿ ಮೇಲಿನ ಪೈಪ್ ಒಡೆದು ಕೆಳಗಿನ ಮನೆ ಸೀಲಿಂಗು, ವಾರ್ಡ್‌ರೋಬು ಎಲ್ಲಾ ನೆಂದೋಗಿತ್ತು. ಒರೆಸೋಕೆ ಮುಂಚೆ ಫೋಟೋ ವಿಡಿಯೋ ತೆಗೆದು ಅವತ್ತೇ ಕಂಪನಿಗೆ ತಿಳಿಸಿ, ನಷ್ಟ ಲೆಕ್ಕ ಹಾಕೋ ಸರ್ವೇಯರ್ ಬಂದು ನೋಡೋವರೆಗೂ ಏನೂ ಕೀಳಿಸ್ಲಿಲ್ಲ, ಅದ್ರಿಂದ ಕ್ಲೇಮ್ ಸಲೀಸಾಯ್ತು. ಗೋಡೇಲಿ ಮೊದ್ಲಿಂದ ಇದ್ದ ತೇವಕ್ಕೆ ಮಾತ್ರ ಕೊಡ್ಲಿಲ್ಲ, ಹಳೇದಾಗಿ ಸವೆದಿದ್ದಕ್ಕೆ ಯಾರೂ ಕೊಡಲ್ಲ. ಬಾಡಿಗೆಯವ್ರ ಟಿವಿಗೂ ಬರ್ಲಿಲ್ಲ. ನಮ್ಮ ಪಾಲಿಸಿ ನಮ್ಮ ಕಟ್ಟಡಕ್ಕೆ, ನಮ್ಮ ಸಾಮಾನಿಗೆ ಅಷ್ಟೇ, ಅವ್ರ ಸಾಮಾನಿಗೆ ಅವ್ರೇ ಬೇರೆ ಮಾಡ್ಸ್ಕೋಬೇಕು. ಪಾಪ ಅವ್ರು ಕಷ್ಟಪಟ್ಟು ಕೂಡಿಟ್ಟು ತಗೊಂಡಿರ್ತಾರೆ ಕಣ್ರೀ, ಮನೆ ಕೊಡುವಾಗ್ಲೇ ಹೇಳಿ, ಅಗ್ರಿಮೆಂಟಲ್ಲೂ ಒಂದು ಸಾಲು ಬರೆಸಿ.

ಕಳ್ಳತನಾನೂ ಕೇಳ್ಕೊಳ್ಳಿ. ಬೆಂಕಿ ನೆರೆ ಥರ ಅನಾಹುತ ಆಗಿ 7 ದಿನದೊಳಗೆ ಕಳುವಾದ್ರೆ ಮಾತ್ರ ಗೃಹ ರಕ್ಷಾದಲ್ಲಿ ಬರುತ್ತೆ, ಸುಮ್ನೆ ಬೀಗ ಒಡೆದು ಕದ್ರೆ ಅದಕ್ಕೆ ಬೇರೆ ಕವರ್ ಬೇಕು.

ಸಿದ್ಧಗಂಗಾ ಬಡಾವಣೆಯಿಂದ:
ಸಜ್ಜಾ ಬಿದ್ದು ಬಾಡಿಗೆಯವ್ರಿಗೋ ದಾರೀಲಿ ಹೋಗೋರಿಗೋ ಪೆಟ್ಟಾದ್ರೆ ಅನ್ನೋದಕ್ಕೆ ಲಯಬಿಲಿಟಿ ಕವರ್ ಪ್ರತ್ಯೇಕ ತಗೋಬೇಕು, ಹಳೇ ಬಿಲ್ಡಿಂಗ್ ಆದ್ರೆ ನಾನಂತೂ ಬಿಡ್ಬೇಡಿ ಅಂತೀನಿ. ಕ್ಲೇಮ್ ತಿರಸ್ಕಾರ ಮಾಡಿದ್ರೆ ಮೊದ್ಲು ಕಂಪನಿಗೇ ಲಿಖಿತ ದೂರು ಕೊಡಿ, ಒಂದು ತಿಂಗಳು ಕಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಇಂಥ ದೂರು ವಿಚಾರಿಸೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸಿದೆ, ಫೀಸಿಲ್ಲ, ವಕೀಲ್ರೂ ಬೇಕಾಗಿಲ್ಲ.