1.1 ಲಕ್ಷ ಕಿ.ಮೀ. ಓಡಿದ ಸಣ್ಣ ಡೀಸೆಲ್ ಹ್ಯಾಚ್‌ಬ್ಯಾಕ್ ನಂಬಬಹುದಾ?

ಪ್ರಶ್ನೆ: ಹಳೆಯ ಕಾರು ಕೊಳ್ಳೋಣ ಅಂತಿದ್ದೀನಿ. ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಮಾಡೆಲ್. ದಿನದ ಓಡಾಟ 8 ಕಿ.ಮೀ. ಅಷ್ಟೇ. ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ನಡೆಸುವ ಪಟ್ಟಿ) ಬದಲಿಸಬೇಕಾ? ಇನ್ನೇನು ನೋಡಬೇಕು?

ಉತ್ತರ 1: ಇದರಲ್ಲಿ ಬೆಲ್ಟ್ ಇಲ್ಲ, ಚೈನ್. (ರೆನೋದ 1461 ಸಿಸಿ ಡಿಸಿಐ ಡೀಸೆಲ್ ಎಂಜಿನ್ ಆಗಿದ್ದರೆ ಬೆಲ್ಟ್, ಮಾರುವವರು ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ.) ಹಾಗಂತ ಚೈನ್ ಶಾಶ್ವತ ಅಲ್ಲ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ನಡೆಯೋದು ಆಯಿಲ್ ಒತ್ತಡದಲ್ಲಿ. ಆಯಿಲ್ ತಡವಾಗಿ ಬದಲಿಸುತ್ತಾ ಬಂದರೆ ಚೈನ್ ಹಿಗ್ಗುತ್ತೆ. ಚೈನ್ ಸದ್ದು ಗೊತ್ತಾಗೋದು ಎಂಜಿನ್ ತಣ್ಣಗಿದ್ದಾಗ, ಹಾಗಾಗಿ ಮೊದಲು ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ. ತಣ್ಣನೆಯ ಸ್ಟಾರ್ಟ್‌ನಲ್ಲಿ ಕಟಕಟ ಸದ್ದು ಕೆಲವು ಸೆಕೆಂಡ್ ಕಳೆದರೂ ನಿಲ್ಲದಿದ್ದರೆ ಚೈನ್ ಕಿಟ್ ಖರ್ಚು ಬೆಲೆಯಲ್ಲಿ ಕಳೆಯಿರಿ.

ಉತ್ತರ 2: ಹೊಗೆಯೇ ಅರ್ಧ ಕಥೆ ಹೇಳುತ್ತೆ. ಕಪ್ಪಾದರೆ ಇಜಿಆರ್ ವಾಲ್ವ್‌ನಲ್ಲಿ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ) ಮಸಿ ಅಥವಾ ಟರ್ಬೊದಿಂದ ಬರುವ ಗಾಳಿ ತಂಪಾಗಿಸುವ ಇಂಟರ್‌ಕೂಲರ್‌ನ ಹೋಸ್ ಸೀಳು. ನೀಲಿಯಾದರೆ ಟರ್ಬೊ ಸೀಲ್, ಇಲ್ಲವೇ ಪಿಸ್ಟನ್ ರಿಂಗ್. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಲೀಕ್-ಆಫ್ ಪರೀಕ್ಷೆ (ಬಳಕೆಯಾಗದೆ ಹಿಂದಿರುಗುವ ಡೀಸೆಲ್ ಅಳೆಯೋದು) ಮಾಡಿಸಿ: ನಾಲ್ಕೂ ರಿಟರ್ನ್ ಪೈಪಿಗೆ ಒಂದೇ ಅಳತೆಯ ಬಾಟಲಿ ಕಟ್ಟಿ ಕೆಲವು ನಿಮಿಷ ಐಡಲ್‌ನಲ್ಲಿ ಬಿಡಬೇಕು. ಒಂದರಲ್ಲಿ ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ಡೀಸೆಲ್ ಬಂದರೆ ಆ ಇಂಜೆಕ್ಟರ್ ಸವೆದಿದೆ.

ಉತ್ತರ 3: ನಿಜವಾದ ತೊಂದರೆ ಆ 8 ಕಿ.ಮೀ. ಡಿಪಿಎಫ್‌ನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅಷ್ಟು ದೂರದಲ್ಲಿ ಎಂಜಿನ್ನೇ ಸರಿಯಾಗಿ ಕಾಯಲ್ಲ. ಸುಡೋದು ಅರ್ಧಕ್ಕೆ ನಿಂತಾಗಲೆಲ್ಲ, ಅದಕ್ಕಾಗಿ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಉರಿಯದೆ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಮಟ್ಟ ಗರಿಷ್ಠ ಗುರುತು ದಾಟಿದೆಯಾ ನೋಡಿ.

ಪ್ರಶ್ನೆ ಕೇಳಿದವರು: ಮಾರುವವರು ಡಿಪಿಎಫ್ ಒಳಭಾಗ ತೆಗೆಸಿದ್ದಾರಂತೆ, ಆಗ ಪರವಾಗಿಲ್ವಾ?

ಉತ್ತರ 3: ಹಾಗಾದರೆ ಹೊಗೆ ತಪಾಸಣೆಯ ತಲೆನೋವು ನಿಮ್ಮದಾಗುತ್ತೆ. ಬಿಡಿ, ಪೆಟ್ರೋಲ್ ಗಾಡಿ ನೋಡಿ.