ಆಟಗಾರ ಒಬ್ಬರೇ, ಅವರೂ ನಿವೃತ್ತ ಸುಬೇದಾರ್. ಡಿ ಅಂಡ್ ಡಿ ನಡೆಸೋದು ಹೇಗೆ?

ಚೆಕ್‌ರೋಲ್, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಹೋದ ವರ್ಷದವರೆಗೆ ನಾವು ನಾಲ್ಕು ಜನ ಭಾನುವಾರ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡುತ್ತಿದ್ದೆವು. ಒಬ್ಬರು ಕತೆ ನಡೆಸೋದು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡೋದು. ಇಬ್ಬರು ಬೆಂಗಳೂರಿಗೆ ಹೋದರು, ಒಬ್ಬನಿಗೆ ಮದುವೆಯಾಯಿತು. ಉಳಿದದ್ದು ನಾನು ಮತ್ತು ಒಂದು ಚೀಲ ದಾಳ.

ಈ ಮಳೆಗಾಲದಲ್ಲಿ ಪಕ್ಕದ ಮನೆಯ ಅಂಕಲ್ ಸಿಕ್ಕಿದರು. ಸುಬೇದಾರ್ ಆಗಿ ನಿವೃತ್ತಿಯಾದವರು, ವಯಸ್ಸು ಎಪ್ಪತ್ತರ ಹತ್ತಿರ. ಜುಲೈನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಟಿವಿ ಇಲ್ಲದೆ ಬೇಜಾರಾಗಿ, "ಅದೇನೋ ದಾಳ ಹಾಕ್ತೀಯಲ್ಲ, ತಾ ನೋಡೋಣ" ಅಂದರು. ಎಮರ್ಜೆನ್ಸಿ ಲೈಟ್ ಹಚ್ಚಿ ಶುರು ಮಾಡಿದೆವು. ದಾಳ ಉರುಳಿ ಮಂಚದ ಕೆಳಗೆ ಹೋಗುತ್ತೆ ಅಂತ ಆಂಟಿ ಒಂದು ಮೊರ ಕೊಟ್ಟರು. ಅದರೊಳಗೇ ಹಾಕೋದು.

ಕತೆ ನಮ್ಮ ಕಡೆಯದೇ ಮಾಡಿಕೊಂಡೆ. ಅಕ್ಕಿ ಹೊತ್ತು ಘಟ್ಟ ಇಳಿದು ಮಲಬಾರಿನಿಂದ ಉಪ್ಪು ತರುವ ಎತ್ತುಗಳ ಸಾಲು ಕಾಣೆಯಾಗಿದೆ. ಗೊರಸಿನ ಗುರುತು ಹಳೆಯ ಕಡಂಗದೊಳಗೆ ಇಳಿಯುತ್ತದೆ. ಹೊರಗಿನವರಿಗಾಗಿ ಹೇಳ್ತೀನಿ, ಕಡಂಗ ಅಂದರೆ ಹಿಂದಿನ ಕಾಲದಲ್ಲಿ ಯುದ್ಧಕ್ಕೆ, ಗಡಿಗೆ ತೋಡಿದ ಆಳವಾದ ಕಂದಕ. ನಮ್ಮ ತೋಟದ ಅಂಚಿನಲ್ಲೂ ಒಂದಿದೆ. ಈಗ ಅಲ್ಲಿ ಕಾವಲಿಗಿರೋದು ಜಿಗಣೆ ಮಾತ್ರ.

ಅಂಕಲ್ ಕಡಂಗಕ್ಕೆ ಇಳಿಯೋಕೆ ಮುಂಚೆ ನಲವತ್ತು ನಿಮಿಷ ಪ್ರಶ್ನೆ ಕೇಳಿದರು. ಗಾಳಿ ಯಾವ ಕಡೆ? ದಂಡೆಯ ಮೇಲೆ ಮರ ಇದೆಯಾ? ಎತ್ತಿನ ಸಗಣಿ ಎಷ್ಟು ಹಳೆಯದು? ನನಗೆ ಭಾರಿ ಖುಷಿ. ಆಮೇಲೆ ಇಳಿದರು. ಎದುರಿಗೆ ನಾಲ್ಕು ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು. ಎರಡನೇ ಸುತ್ತಿನಲ್ಲಿ ಅವರ ಪಾತ್ರ ಬಿತ್ತು, ಎದ್ದೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ, "ಒಬ್ಬನನ್ನೇ ಪಟ್ರೋಲಿಗೆ ಕಳಿಸಿದ್ದು ಯಾರು? ನೀನು ತಾನೆ?" ಅಂತ ಕೇಳಿದರು.

ಎರಡನೇ ಸಲ ಅವರ ಜೊತೆಗೆ ಒಬ್ಬ ಮಂತ್ರವಾದಿಯನ್ನು ಕೊಟ್ಟೆ. ಅವನನ್ನು ನಾನೇ ಆಡಿಸಿದೆ. ಗಾಬ್ಲಿನ್ ಸರದಾರನೂ ನಾನೇ. ಹತ್ತು ನಿಮಿಷ ಅವರಿಬ್ಬರೂ ಮಾತಾಡಿದರು, ಅಂದರೆ ನಾನು ನನ್ನ ಜೊತೆಗೇ ಮಾತಾಡಿದೆ. ಅಂಕಲ್ ಕಾಫಿ ಕುಡಿಯುತ್ತಾ ಯಕ್ಷಗಾನ ನೋಡೋ ಹಾಗೆ ನೋಡುತ್ತಿದ್ದರು.

ಒಬ್ಬರೇ ಆಟಗಾರ ಇದ್ದಾಗ ನೀವೆಲ್ಲ ಹೇಗೆ ನಡೆಸ್ತೀರಾ? ಕಾಫಿ ಕೊಯ್ಲು ಶುರುವಾದರೆ ನನಗೆ ಪುರುಸೊತ್ತಿರೋಲ್ಲ, ಅಷ್ಟರೊಳಗೆ ಸರಿ ಮಾಡಬೇಕು.

ಗಾಬ್ಲಿನ್_ಗೋಣಿಕೊಪ್ಪ:

ತಲೆ ಕೆಡಿಸಿಕೊಳ್ಳಬೇಡಿ ಗುರು. ಸುಮ್ನೆ ಲೆವೆಲ್ 3ರಿಂದ (ಪಾತ್ರದ ಬಲದ ಮೂರನೇ ಮೆಟ್ಟಿಲು) ಶುರು ಮಾಡಿಸಿ, ಚೀಲದಲ್ಲಿ ನಾಲ್ಕು ಗಾಯದ ಮದ್ದು ಕೊಡಿ. ಮುಗೀತು. "ಒಬ್ಬನನ್ನೇ ಪಟ್ರೋಲಿಗೆ" ಡೈಲಾಗ್ ಸೂಪರ್.

ಮಳೆದಾಳ, ವಿರಾಜಪೇಟೆ:

ಲೆವೆಲ್ ಏರಿಸಿದರೆ ಸರಿಹೋಗೋಲ್ಲ ಅಂತ ನನ್ನ ಅನುಭವ. ಎರಡು ವರ್ಷದಿಂದ ಮಗಳೊಬ್ಬಳಿಗೇ ಆಟ ನಡೆಸ್ತಿದ್ದೀನಿ, ಅವಳಿಗೀಗ ಹನ್ನೆರಡು.

ಲೆಕ್ಕ ನೋಡಿ ರೈಟರೇ, ಲೆಕ್ಕ ನಿಮಗೆ ಹೊಸದಲ್ಲ. 2014ರ ನಿಯಮದ ಗಾಬ್ಲಿನ್‌ಗೆ ದಾಳಿಯ ದಾಳಕ್ಕೆ 4 ಸೇರುತ್ತೆ. ನಿಮ್ಮ ಅಂಕಲ್ ಸರಪಳಿ ಕವಚ ತೊಟ್ಟ ಫೈಟರ್ (ಯೋಧ) ಆಗಿದ್ದರೆ ಎಸಿ, ಅಂದರೆ ಏಟು ತಾಗೋಕೆ ಮುಟ್ಟಬೇಕಾದ ಅಂಕ, 16. ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಜಾಸ್ತಿ ಬಿದ್ದರೆ ಏಟು, ಇಪ್ಪತ್ತರಲ್ಲಿ ಒಂಬತ್ತು ಸಲ. ಏಟಿಗೆ ಸರಾಸರಿ ಐದೂವರೆ. ನಾಲ್ಕು ಗಾಬ್ಲಿನ್ ಸೇರಿ ಸುತ್ತಿಗೆ ಹತ್ತಿರಹತ್ತಿರ 10. ಲೆವೆಲ್ 1ರಲ್ಲಿ ಅವರ ಎಚ್‌ಪಿ (ಏಟು ತಡೆಯೋ ಜೀವದ ಅಂಕ) 12ರ ಆಸುಪಾಸು. ಎರಡನೇ ಸುತ್ತಿಗೆ ಬಿದ್ದರು ಅಂದ್ರಲ್ಲ, ದಾಳದ ತಪ್ಪೇನಿಲ್ಲ. ಲೆವೆಲ್ 3ರಲ್ಲಿ 28 ಎಚ್‌ಪಿ ಇದ್ದರೂ ಎರಡು ಸುತ್ತು ಮೂರಾಗುತ್ತೆ, ಅಷ್ಟೇ. ಅವರಿಗೆ ಸುತ್ತಿಗೆ ಒಂದು ಬೀಸು, ಎದುರಿಗೆ ನಾಲ್ಕು. ಒಂದೊಂದಕ್ಕೂ 7 ಎಚ್‌ಪಿ ಇರೋ ನಾಲ್ವರನ್ನು ಒಬ್ಬರೇ ಮುಗಿಸೋಕೆ ಏಳೆಂಟು ಸುತ್ತು ಬೇಕು.

ಹಾಗಾಗಿ ಕೈ ಜಾಸ್ತಿ ಆಗಬೇಕು, ಇಲ್ಲ ಗಾಬ್ಲಿನ್ ಕಮ್ಮಿ ಆಗಬೇಕು. ಸುಬೇದಾರರು ಹೇಳಿದ್ದೂ ಅದನ್ನೇ ಅಲ್ವಾ?

ಕೈ ಜಾಸ್ತಿ ಮಾಡೋಕೆ 2019ರ ಎಸೆನ್ಷಿಯಲ್ಸ್ ಕಿಟ್ ಪೆಟ್ಟಿಗೆಯಲ್ಲಿ ಸೈಡ್‌ಕಿಕ್ ನಿಯಮ ಇದೆ. ಒಬ್ಬ ಡಿಎಂ (ಕತೆ ನಡೆಸೋರು), ಒಬ್ಬ ಆಟಗಾರ ಇದ್ದಾಗ ಅಂತಲೇ ಇಟ್ಟದ್ದು. ಪೂರ್ತಿ ಪಾತ್ರ ಅಲ್ಲ, ಸರಳವಾದ ಜೊತೆಗಾರ. ಆದರೆ ಮುಖ್ಯ ವಿಷಯ ಇದು: ಆ ಜೊತೆಗಾರನ ಅಂಕಗಳೆಲ್ಲ ಬರೆದಿರೋ ಹಾಳೆಯನ್ನು ಅಂಕಲ್ ಕೈಗೆ ಕೊಡಿ. ಅವನ ದಾಳವನ್ನೂ ಅವರೇ ಹಾಕಲಿ. ನೀವು ಅವನ ಬಾಯಿ ಮಾತ್ರ ಇಟ್ಟುಕೊಳ್ಳಿ. ಅದೂ ಎರಡು ವಾಕ್ಯ. ಅವನು ತೀರಾ ಬುದ್ಧಿವಂತ ಆಗಿರಬಾರದು. ಬುದ್ಧಿವಂತನಾದರೆ ಆಟಗಾರ ಪ್ರತಿ ಬಾಗಿಲಲ್ಲೂ "ನೀನೇನಂತೀಯಾ?" ಅಂತ ಅವನನ್ನು ಕೇಳ್ತಾರೆ, ನೀವು ಮತ್ತೆ ಯಕ್ಷಗಾನ ಮಾಡ್ತೀರಾ. ಮಂತ್ರವಾದಿ ಬೇಡವೇ ಬೇಡ. ಧೈರ್ಯ ಇರೋ, ದಾರಿ ಗೊತ್ತಿಲ್ಲದ ಹುಡುಗ ಸಾಕು.

ಇನ್ನು ಸಾವು. 0 ಎಚ್‌ಪಿ ಆದರೆ ಪ್ರತಿ ಸುತ್ತಿಗೂ ದಾಳ, 10ಕ್ಕಿಂತ ಕಡಿಮೆ ಮೂರು ಸಲ ಬಂದರೆ ಕತೆ ಮುಗಿಯಿತು. ಗುಂಪಿದ್ದರೆ ಯಾರಾದರೂ ಓಡಿ ಬಂದು ಎಬ್ಬಿಸ್ತಾರೆ. ಒಬ್ಬಳೇ ಮಗು ಎದುರಿಗೆ ಕೂತು ತನ್ನ ಸಾವಿಗೆ ತಾನೇ ದಾಳ ಹಾಕೋದನ್ನು ನಾನು ಒಂದು ಸಲ ನೋಡಿದೆ, ಆ ರಾತ್ರಿ ಅವಳು ಊಟ ಮಾಡಲಿಲ್ಲ. ಆಮೇಲೆ ನಮ್ಮ ಮನೆ ನಿಯಮ ಬದಲಾಯಿತು. ಬಿದ್ದರೆ ಸಾಯೋದಿಲ್ಲ, ಏನಾದರೂ ಕಳೆದುಕೊಂಡು ಬೇರೆ ಕಡೆ ಎಚ್ಚರವಾಗುತ್ತೆ. ಒಂದು ಸಲ ಗಾಬ್ಲಿನ್‌ಗಳು ಅವಳ ಪೀಚೆಕತ್ತಿ (ಕೊಡವರ ಸೊಂಟದ ಕತ್ತಿ) ಕಿತ್ತುಕೊಂಡು ಹೋದವು. ಅದನ್ನು ವಾಪಸ್ ತರೋಕೆ ಮೂರು ವಾರ ಆಡಿದಳು. ನಾನು ಬರೆದಿಟ್ಟಿದ್ದ ದೊಡ್ಡ ಕತೆ ಹಾಗೇ ಕೊಳೀತು. ಪರವಾಗಿಲ್ಲ, ಕತ್ತಿಯ ಕತೆಯೇ ಚೆನ್ನಾಗಿತ್ತು.

ಇನ್ನೊಂದು. ಒಬ್ಬರೇ ಇದ್ದರೆ ಆಟ ಬೇಗ ಓಡುತ್ತೆ. ಒಂದೂವರೆ ಗಂಟೆಗೆ ನಿಲ್ಲಿಸಿ, ಇಬ್ಬರಿಗೂ ತಲೆ ಬಿಸಿಯಾಗಿರುತ್ತೆ.

ಕುಶಾಲನಗರ_20:

ಐರನ್‌ಸ್ವಾರ್ನ್ ನೋಡಿ. 2018ರ ಆಟ, ಪಿಡಿಎಫ್ ಉಚಿತ. ಒಬ್ಬರೇ ಆಡೋಕೂ ಆಗುತ್ತೆ, ಡಿಎಂ ಇಟ್ಟುಕೊಂಡೂ ಆಗುತ್ತೆ. ಆರು ಮುಖದ ಒಂದು ದಾಳಕ್ಕೆ ನಿಮ್ಮ ಅಂಕ ಸೇರಿಸಿ, ಹತ್ತು ಮುಖದ ಎರಡು ದಾಳದ ಎದುರಿಗೆ ಹಿಡಿಯೋದು. ಎರಡನ್ನೂ ಮೀರಿದರೆ ಪೂರ್ತಿ ಗೆಲುವು, ಒಂದನ್ನೇ ಮೀರಿದರೆ ಗೆಲುವಿನ ಜೊತೆಗೊಂದು ತಾಪತ್ರಯ. ಒಂಟಿ ಆಟಗಾರನಿಗೆ ಆ ನಡುವಿನದ್ದೇ ಬೇಕಾದ್ದು.

ಚೆಕ್‌ರೋಲ್, ಸುಂಟಿಕೊಪ್ಪ:

ಎಲ್ಲರಿಗೂ ಥ್ಯಾಂಕ್ಸ್. ಐರನ್‌ಸ್ವಾರ್ನ್ ಬಗ್ಗೆ ಅಂಕಲ್‌ಗೆ ಹೇಳಿದೆ. "ಈಗ ತಾನೆ ಒಂದು ಬಂದೂಕು ಬಿಚ್ಚಿ ಜೋಡಿಸೋದು ಕಲಿತೆ, ಮತ್ತೊಂದು ಕೊಡಬೇಡ" ಅಂದರು. ಮುಂದಿನ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ.

ಭಾನುವಾರ ಮಳೆದಾಳ ಅವರು ಹೇಳಿದ ಹಾಗೆ ಮಾಡಿದೆ. ಎತ್ತು ಕಾಯೋ ಹುಡುಗನ ಹಾಳೆ ಅವರ ಕೈಗೆ ಕೊಟ್ಟೆ. ಮೊದಲು ಅವನಿಗೆ ಲ್ಯಾನ್ಸ್ ನಾಯಕ್ ಪದವಿ ಕೊಟ್ಟರು. ಆಮೇಲೆ ಅವನ ಚಪ್ಪಲಿ ನೋಡಿ (ನಾನು ಚಪ್ಪಲಿ ಅಂತ ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದೆ) "ಇದರಲ್ಲಿ ಕಡಂಗಕ್ಕೆ ಇಳಿಸೋಕಾಗಲ್ಲ" ಅಂತ ಅವನನ್ನು ದಂಡೆಯ ಮೇಲೆ ಬಿಲ್ಲು ಕೊಟ್ಟು ಕೂರಿಸಿದರು. ಗಾಬ್ಲಿನ್ ಎರಡೇ ಇಟ್ಟಿದ್ದೆ. ಒಂದು ಸತ್ತಿತು. ಇನ್ನೊಂದನ್ನು ಹಿಡಿದು ಅರ್ಧ ಗಂಟೆ ವಿಚಾರಣೆ ಮಾಡಿದರು. ಈ ಸಲ ಬಾಯಿ ನೋವು ಬಂದದ್ದು ಗಾಬ್ಲಿನ್‌ಗೆ, ಅಂದರೆ ನನಗೇ. ಆದರೆ ಕೇಳುತ್ತಿದ್ದವರು ಅವರು, ಉತ್ತರ ಮಾತ್ರ ನನ್ನದು. ಅದಕ್ಕೇ ಬೇಜಾರಾಗಲಿಲ್ಲ.

ಒಂದೂವರೆ ಗಂಟೆಗೆ ನಿಲ್ಲಿಸಿದೆ. ಸಿಟ್ಟು ಬಂತು ಅವರಿಗೆ.

ಇವತ್ತು ಬೆಳಿಗ್ಗೆ ಹಾಜರಿ ಹಾಕುವಾಗ ಕೊಡೆ ಹಿಡಿದುಕೊಂಡು ತೋಟಕ್ಕೇ ಬಂದರು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್. ಪಟ್ರೋಲ್ ವರದಿ ಬರೆದಿದ್ದಾರೆ, ತಾರೀಕು, ಹೊತ್ತು, ಹವೆ ಎಲ್ಲ ಸಮೇತ. ಹಿಂದಿನ ಪುಟದಲ್ಲಿ ಕಡಂಗದ ನಕ್ಷೆ, ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ತೆಂಕಣ ತುದಿಯಲ್ಲಿ ಒಂದು ಹಿಂದಾರಿ ಗುರುತು ಮಾಡಿ ಕೆಂಪು ಪೆನ್ನಿನಲ್ಲಿ ಸುತ್ತಿದ್ದಾರೆ. ನಾನು ಅಲ್ಲಿ ದಾರಿ ಇಟ್ಟೇ ಇರಲಿಲ್ಲ. ಈಗ ಭಾನುವಾರದೊಳಗೆ ಅದು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಬೇಕು.